ಸಿಂಧನೂರಿನ ಯೂಟ್ಯೂಬರ್ ಅಳಿಯನಿಗೆ

ಲಿಂಗಸುಗೂರು



ನಿನ್ನ ಅವ್ವ ಫೋನ್ ಮಾಡಿದ್ದಳು. "ಡಿಗ್ರಿ ಬಿಡ್ತೀನಿ ಅಂತಾನ, ಸಾಲ ಮಾಡಿ ಕ್ಯಾಮೆರಾ ತಗೋತಾನಂತ, ಡಾಕ್ಟರ್ ಬ್ರೋ ಆಗ್ತಾನಂತ. ನೀನರ ಒಂದ್ ಮಾತ್ ಹೇಳಪಾ" ಅಂದಳು. ಮೊದಲು ನಿನ್ನ ಬಾಯಲ್ಲಿ ಡಾಕ್ಟರ್ ಅನ್ನೋದಷ್ಟೇ ಕೇಳಿಸಿ ಅವಳಿಗೆ ಖುಷಿಯೂ ಆಗಿತ್ತಂತೆ, ಪಾಪ.

ಬೈಯಲು ಈ ಪತ್ರ ಬರೆಯುತ್ತಿಲ್ಲ. ಆ ಹುಡುಗನ ವಿಡಿಯೊ ನಾನೂ ನೋಡುತ್ತೇನೆ. ಡಾಕ್ಟರ್ ಬ್ರೋ ಅಂದರೆ ಗಗನ್ ಶ್ರೀನಿವಾಸ್, ಯೂಟ್ಯೂಬ್ ಚಾನೆಲ್ ಶುರು ಮಾಡಿದ್ದು 2018ರಲ್ಲಿ. ತಾಲಿಬಾನ್ ಆಳುತ್ತಿದ್ದ ಅಫ್ಘಾನಿಸ್ತಾನದೊಳಗೆ ಅವನು ಕನ್ನಡ ಮಾತಾಡಿಕೊಂಡು ಓಡಾಡುವುದನ್ನು ನಾಡೆಲ್ಲ ಕೂತು ನೋಡುವಷ್ಟರಲ್ಲಿ ನಾಲ್ಕು ವರ್ಷವೇ ಕಳೆದಿತ್ತು. ಅವನು ತೋರಿಸುವ ಊರುಗಳು ಬೇರೆಯವರ ವಿಡಿಯೊದಲ್ಲೂ ಸಿಗುತ್ತವೆ. ಕನ್ನಡದ ಗಂಧವೇ ಇಲ್ಲದ ವ್ಯಾಪಾರಿಯ ಜೊತೆ ಕನ್ನಡದಲ್ಲೇ ಹರಟೆ ಹೊಡೆಯುವ ಆ ಧಾಟಿ ಮಾತ್ರ ಬೇರೆ ಕಡೆ ಸಿಗುವುದಿಲ್ಲ. ಕಾಸರಗೋಡಿನ ಕಡೆಯ ಸುದರ್ಶನ್ ಭಟ್ ಬೆದ್ರಡಿ ಅವರ 'ಭಟ್ ಎನ್ ಭಟ್' ಚಾನೆಲ್ಲನ್ನೂ ನೋಡು. ಊರು ಬಿಟ್ಟು ಹೋಗದೆ, ಮನೆಯ ಸುತ್ತಮುತ್ತ ಸಿಗುವುದನ್ನೇ ತಂದು, ತಮ್ಮ ಕಡೆಯ ಮಾತಿನಲ್ಲೇ ಅಡುಗೆ ಮಾಡಿ ತೋರಿಸಿದರು. ಅದನ್ನು ರಾಯಚೂರಿನಲ್ಲಿ ರೊಟ್ಟಿ ಬಡಿಯುವವರೂ ನೋಡುತ್ತಾರೆ.

ನಿನ್ನ ಭತ್ತದ ಕೊಯ್ಲಿನ ವಿಡಿಯೊ ನೋಡಿದೆ. "ನಮಸ್ಕಾರ ದೇವ್ರು" ಎಂದು ಶುರು ಮಾಡಿದ್ದೀಯ. ಅದು ಡಾಕ್ಟರ್ ಬ್ರೋ ಮಾತು, ಅವನಿಗೇ ಬಿಡು. ಆಮೇಲೆ ಹತ್ತು ನಿಮಿಷ ಬೆಂಗಳೂರಿನ ಹುಡುಗರ ಹಾಗೆ ಮಾತಾಡಿದೆ. ನಡುವೆ ಯಾರೋ ಮಷಿನ್ ಡ್ರೈವರ್ ಕೂಗಿದಾಗ ಮಾತ್ರ "ಬರಾಕತ್ತೀನಿ ತಡಿಯಪಾ" ಅಂದೆ ನೋಡು, ಆಗ ನನಗೆ ನಗು ಬಂತು, ನೀನು ನಮ್ಮವನು ಅನ್ನಿಸಿತು. ನಮ್ಮ ಮಗ್ಗುಲಿನ ಗಂಗಾವತಿಯಿಂದ ಎದ್ದು ಬಂದ ಹಾಸ್ಯ ಮಾತುಗಾರ ಪ್ರಾಣೇಶ್ ನಮ್ಮ ಈ ಮಾತನ್ನೇ ಬಂಡವಾಳ ಮಾಡಿಕೊಂಡು ನಾಡೆಲ್ಲ ನಗಿಸಿದರು. ಕ್ಯಾಸೆಟ್ಟಿನ ಕಾಲದಲ್ಲೂ ಅದು ನಡೆಯಿತು, ಮೊಬೈಲಿನಲ್ಲೂ ನಡೆಯುತ್ತಿದೆ. ನೀನು ಆ ಡ್ರೈವರನ್ನು ಮಾತಾಡಿಸಬೇಕಿತ್ತು. ಮಷಿನ್ ಎಲ್ಲಿಂದ ತಂದ, ಗಂಟೆಗೆ ಬಾಡಿಗೆ ಎಷ್ಟು, ಕೊಯ್ಲು ಮುಗಿದ ಮೇಲೆ ಯಾವ ಕಡೆ ಹೋಗುತ್ತಾನೆ ಅಂತ. ಡ್ರೋನ್ ಹಾರಿಸಿ ಹಸಿರು ತೋರಿಸುವುದು ಯಾರಿಗೂ ಬರುತ್ತದೆ.

ಇನ್ನು ಲೆಕ್ಕ. ಸುಮ್ಮನೆ ಕನಸು ಕಟ್ಟಬೇಡ, ಕಾಗದದ ಮೇಲೆ ಬರೆ. ಯೂಟ್ಯೂಬಿನಿಂದ ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ ಒಂದು ವರ್ಷದೊಳಗೆ ಜನ ನಿನ್ನ ವಿಡಿಯೊಗಳನ್ನು 4,000 ಗಂಟೆ ನೋಡಿರಬೇಕು. ಅಂದರೆ 2,40,000 ನಿಮಿಷ. ಒಬ್ಬೊಬ್ಬರು ನಾಲ್ಕು ನಿಮಿಷ ಕೂತು ನೋಡಿದರೂ 60,000 ಸಲ ನೋಡಬೇಕಾಯಿತು. ನೀನು ದಿನಾ ಹಾಕುವ ಶಾರ್ಟ್ಸ್ ಆ ಗಂಟೆಗಳ ಲೆಕ್ಕಕ್ಕೆ ಸೇರುವುದಿಲ್ಲ. ಶಾರ್ಟ್ಸ್ ದಾರಿಯಲ್ಲೇ ಹೋದರೆ 90 ದಿನದೊಳಗೆ ಒಂದು ಕೋಟಿ ವೀಕ್ಷಣೆ ಬೇಕು. ಎಲ್ಲ ದಾಟಿದ ಮೇಲೂ ಉದ್ದ ವಿಡಿಯೊಗಳ ಜಾಹೀರಾತಿನಲ್ಲಿ ನೂರಕ್ಕೆ 55 ನಿನ್ನದು, ಉಳಿದದ್ದು ಯೂಟ್ಯೂಬಿನದು. 100 ಡಾಲರ್ ತುಂಬುವ ತನಕ ಬ್ಯಾಂಕಿಗೆ ಪೈಸೆ ಬರುವುದಿಲ್ಲ. ಅದಕ್ಕೂ ಮೊದಲು ವಿಳಾಸ ಖಾತ್ರಿಗೆ ಒಂದು ಪಿನ್ ನಂಬರ್ ಅಂಚೆಯಲ್ಲಿ ಬರುತ್ತದೆ. ಓಣಿಯ ಹೆಸರು ಸರಿಯಾಗಿ ಬರೆ, ನಿಮ್ಮ ಮನೆ ಪತ್ರಗಳು ಪಕ್ಕದ ಮನೆಗೆ ಹೋಗುವುದು ನನಗೆ ಗೊತ್ತು. ಅಷ್ಟು ಜನ ನೋಡುವ ಡಾಕ್ಟರ್ ಬ್ರೋ ಕೂಡ ಜಾಹೀರಾತೊಂದನ್ನೇ ನಂಬಿ ಕೂರದೆ 'ಗೋ ಪ್ರವಾಸ' ಅಂತ ಪ್ರವಾಸದ ಕಂಪನಿ ತೆಗೆದ. ಇದನ್ನು ನೀನು ಯಾಕೆ ಗಮನಿಸಲಿಲ್ಲ?

ಬೆಟ್ಟಿಂಗ್ ಆ್ಯಪಿನವರು ನಿನಗೆ ಮೆಸೇಜ್ ಕಳಿಸಿದ್ದಾರೆ ಎಂದು ಅವ್ವ ಅಂದಳು. ಅದಕ್ಕೆ ಉತ್ತರ ಕೊಟ್ಟೀಯ ಮತ್ತೆ! 2025ರ ಆಗಸ್ಟ್‌ನಲ್ಲಿ ಆದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಜಾಹೀರಾತು ಮಾಡಿದವನಿಗೆ ಎರಡು ವರ್ಷದ ತನಕ ಜೈಲು, 50 ಲಕ್ಷದ ತನಕ ದಂಡ. ಕಾನೂನು ಇರಲಿ, ಆ ಆಟದಲ್ಲಿ ಹೊಲ ಕಳೆದುಕೊಂಡವರ ಮನೆ ಮುಂದೆ ನೀನು ನಾಳೆ ಮೈಕ್ ಹಿಡಿದು ಹೇಗೆ ನಿಲ್ಲುತ್ತೀ?

ವಿಷಯಕ್ಕೇನು ಬರವಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನಿಮ್ಮೂರಿನ ಜನರಿಗೆ ಬೇಕಾಗಿದ್ದದ್ದು ಒಂದೇ: ಎಡದಂಡೆ ಕಾಲುವೆಗೆ ನೀರು ಎಷ್ಟು ಉಳಿಯುತ್ತದೆ, ಹಚ್ಚಿದ ನೆಲ್ಲು ಕೈಗೆ ಬರುತ್ತದೋ ಇಲ್ಲವೋ. ನನ್ನ ಮೊಬೈಲಿಗೆ ಬಂದ ವಿಡಿಯೊಗಳಲ್ಲಿ ಬರೇ ಅಬ್ಬರ, ಕೆಂಪು ಬಾಣದ ಗುರುತು, ಬಾಯಿ ತೆರೆದ ಮುಖ. ಕಾಲುವೆಯ ತುದಿಯ ರೈತನ ಹೊಲಕ್ಕೆ ಹೋಗಿ ನಿಂತವನನ್ನು ನಾನಂತೂ ನೋಡಲಿಲ್ಲ. ನೀನಿದ್ದದ್ದು ಅಲ್ಲೇ.

ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ಸಿಂಧನೂರಿನ ಹತ್ತಿರ ಆರ್.ಎಚ್. ಎನ್ನುವ ಪುನರ್ವಸತಿ ಕ್ಯಾಂಪುಗಳಲ್ಲಿವೆ. ನಿನ್ನ ಜೊತೆ ಓದುವವರಲ್ಲೂ ಅಲ್ಲಿಯವರು ಇದ್ದಾರಲ್ಲ, ಅವರ ಅಜ್ಜಿಯ ಎದುರು ಕೂತು ಕೇಳು. ಮಸ್ಕಿಯ ಗುಡ್ಡಕ್ಕೆ ಹೋಗು. 1915ರಲ್ಲಿ ಸಿ. ಬೀಡನ್ ಅನ್ನುವ ಚಿನ್ನದ ಗಣಿಯ ಎಂಜಿನಿಯರ್ ಅಲ್ಲಿನ ಶಾಸನ ಕಂಡದ್ದು. ಅಲ್ಲಿಯ ತನಕ ಓದಿದ್ದ ಅಶೋಕನ ಶಾಸನಗಳಲ್ಲಿ ಬಿರುದು ಮಾತ್ರ ಇತ್ತು, ಅವನ ಶಾಸನಗಳಲ್ಲಿ ಅಶೋಕ ಎಂಬ ಹೆಸರು ಮೊದಲು ಸಿಕ್ಕದ್ದು ಮಸ್ಕಿಯಲ್ಲಿ. ಚಿನ್ನ ಹುಡುಕುವವನಿಗೆ ಶಾಸನ ಸಿಕ್ಕ ಕತೆಯನ್ನು ಹಟ್ಟಿ ಚಿನ್ನದ ಗಣಿಯಿಂದ ಶುರು ಮಾಡಿ ಮಸ್ಕಿಯಲ್ಲಿ ಮುಗಿಸಬಹುದು, ಯೋಚಿಸು. ಹಟ್ಟಿ ಗಣಿಯೊಳಗೆ ಮಾತ್ರ ಅನುಮತಿ ಇಲ್ಲದೆ ಕ್ಯಾಮೆರಾ ತೆಗೆಯಬೇಡ.

ಸಾಲದ ಕ್ಯಾಮೆರಾ ಬೇಡ. ನಿನ್ನ ಮೊಬೈಲ್ ಸಾಕು. ಆದರೆ ಗಾಳಿಯ ಸದ್ದಿನಲ್ಲಿ ನಿನ್ನ ಮಾತೇ ಕೇಳಿಸುವುದಿಲ್ಲ, ಕಾಲರ್ ಮೈಕ್ ಒಂದು ತಗೋ. ಅದರ ದುಡ್ಡು ನಾನು ಕೊಡುತ್ತೇನೆ, ಅಪ್ಪನಿಗೆ ಹೇಳಬೇಡ. ಡಿಗ್ರಿ ಮುಗಿಸು. ವಾರಕ್ಕೊಂದು ವಿಡಿಯೊ ಮಾಡುವವನಿಗೆ ಕಾಲೇಜು ಏನೂ ಅಡ್ಡಿಯಲ್ಲ.

ಪರೀಕ್ಷೆ ಮುಗಿದ ಮೇಲೆ ಲಿಂಗಸುಗೂರಿಗೆ ಬಾ. ಮೊಹರಂ ಹೊತ್ತಿಗೆ ಮುದಗಲ್ಲಿಗೆ ಹೋಗೋಣ, ಹಿಂದೂ ಮುಸ್ಲಿಂ ಅನ್ನದೆ ಸುತ್ತಲ ಹಳ್ಳಿಯೆಲ್ಲ ಅಲ್ಲಿಗೆ ಬರುತ್ತದೆ. ಯಾರನ್ನು ಮಾತಾಡಿಸಬೇಕೆಂದು ನಾನು ತೋರಿಸುತ್ತೇನೆ. ನನ್ನನ್ನು ಮಾತ್ರ ಕ್ಯಾಮೆರಾ ಮುಂದೆ ನಿಲ್ಲಿಸಬೇಡ, ನಿಮ್ಮ ಅತ್ತೆ ನಗುತ್ತಾಳೆ.

ಇಂತಿ ನಿನ್ನ
ಮಾಮ