ಉತ್ತರದ ನಂತರದ ಮಾತು

ತರಗತಿಯ ಸಂವಾದವನ್ನು ವಿಶ್ಲೇಷಿಸಿದ ಸಿಂಕ್ಲೇರ್ ಮತ್ತು ಕೂಲ್ಥಾರ್ಡ್ 1975ರಲ್ಲಿ ಅದರ ಮೂರು ಹೆಜ್ಜೆಗಳನ್ನು ಗುರುತಿಸಿದರು: ಶಿಕ್ಷಕರ ಪ್ರಶ್ನೆ, ವಿದ್ಯಾರ್ಥಿಯ ಉತ್ತರ, ಶಿಕ್ಷಕರ ಪ್ರತಿಕ್ರಿಯೆ. ಪಾಠಯೋಜನೆಯಲ್ಲಿ ನಾವು ಮೊದಲೆರಡನ್ನು ಬರೆಯುತ್ತೇವೆ. ಮೂರನೆಯದನ್ನು ಬಾಯಿಗೆ ಬಂದಂತೆ ಬಿಡುತ್ತೇವೆ.

ಸಕಲೇಶಪುರದ ಬೋಧನಾಭ್ಯಾಸದಲ್ಲಿ ಹತ್ತನೇ ತರಗತಿಗೆ ಪರಾಗಸ್ಪರ್ಶ ಬೋಧಿಸುವಾಗ, "ಕಾಫಿ ಹೂ ಯಾವಾಗ ಅರಳುತ್ತದೆ?" ಎಂದು ಕೇಳಿದೆ. ಮನೆಯಲ್ಲಿ ತಮಿಳು ಮಾತನಾಡುವ, ತೋಟದ ಲೈನ್‌ಮನೆಯ ಹುಡುಗಿಯೊಬ್ಬಳು "ಹೂಮಳೆ ಬಿದ್ಮೇಲೆ" ಎಂದಳು. "ಸರಿ, ಕುಳಿತುಕೋ" ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. "ಆಮೇಲೆ?" ಎಂದೆ.

"ಎಂಟತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಆವಾಗ ಮಳೆ ಹೊಡೆದ್ರೆ ಕಾಯಿ ಕಚ್ಚಲ್ಲ."

"ಯಾಕೆ?" ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ಮಳೆಗೆ ಪರಾಗ ತೊಳೆದುಹೋಗುವುದು, ಅರೇಬಿಕಾದ ಸ್ವಕೀಯ ಮತ್ತು ರೋಬಸ್ಟಾದ ಪರಕೀಯ ಪರಾಗಸ್ಪರ್ಶ, ಎಲ್ಲವನ್ನೂ ಆ ಪ್ರಶ್ನೆಯಿಂದಲೇ ಮುಂದುವರಿಸಿದೆ.

ಮೊದಲ ಉತ್ತರದಲ್ಲಿದ್ದದ್ದು ಮಾಹಿತಿ ಮಾತ್ರ. ಎರಡನೆಯದರ "ಹೊಡೆದ್ರೆ" ಎಂಬ ಪದದಲ್ಲಿ ಕಾರಣ-ಪರಿಣಾಮದ ಸಂಬಂಧವಿದೆ; ವಿಜ್ಞಾನದ ಭಾಷೆ ಶುರುವಾಗುವುದೇ ಅಲ್ಲಿಂದ. ಅದು ಪಠ್ಯಪುಸ್ತಕದ ಕನ್ನಡವಲ್ಲ, ಆದರೂ ತರ್ಕ ಪೂರ್ಣವಾಗಿದೆ.

ಪಾಠ ವೀಕ್ಷಿಸುವ ಸಹಪಾಠಿಗಳು ಕೇಳಿದ ಪ್ರಶ್ನೆಗಳನ್ನಷ್ಟೇ ಎಣಿಸದೆ, ಪ್ರತಿ ಉತ್ತರದ ನಂತರ ಶಿಕ್ಷಕರು ಆಡಿದ ಮಾತನ್ನೂ ಬರೆದುಕೊಂಡರೆ, ಮಗುವಿನ ಮಾತು ಎಲ್ಲಿ ಬೆಳೆಯಿತು, ಎಲ್ಲಿ ನಿಂತಿತು ಎಂಬುದು ಕಾಣುತ್ತದೆ.