ಇಕಾಮಾ ಕೈಯಲ್ಲಿದೆ, ಬಹ್ರೇನ್‌ಗೆ ಹೋಗಿ ಬರಬಹುದೇ?

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ದುಡಿಯಲು ಸೌದಿ, ದುಬೈ, ಕತಾರ್‌ಗೆ ಹೋದವರು ನಿಮ್ಮ ಓಣಿಯಲ್ಲೂ ಇರಬಹುದು. ನನ್ನ ಮಾಮು ಸೌದಿಯ ದಮ್ಮಾಮ್‌ನಲ್ಲಿ ಎ.ಸಿ. ರಿಪೇರಿ ಮಾಡುತ್ತಾರೆ. ಅಲ್ಲಿಗೆ ಹತ್ತಿರದ ಖೋಬರ್‌ನಿಂದ ಬಹ್ರೇನ್ ದೇಶಕ್ಕೆ ಸಮುದ್ರದ ಮೇಲೆ ಸೇತುವೆ ಇದೆ. ಹೆಸರು ಕಿಂಗ್ ಫಹದ್ ಕಾಸ್‌ವೇ. 1986ರಲ್ಲಿ ಸಂಚಾರಕ್ಕೆ ತೆರೆಯಿತು, ಉದ್ದ ಸುಮಾರು 25 ಕಿ.ಮೀ. ಹೆಚ್ಚು ಕಡಿಮೆ ಜಮಖಂಡಿಯಿಂದ ಮುಧೋಳಕ್ಕೆ ಹೋದಷ್ಟೇ ದೂರ. ಹಾಗಾದರೆ ಶುಕ್ರವಾರದ ರಜೆಯಲ್ಲಿ ಹೋಗಿ ಸಂಜೆಗೆ ಬರಬಹುದಲ್ಲ ಎಂದು ಯಾರಿಗಾದರೂ ಅನಿಸುತ್ತದೆ.

ಇಲ್ಲಿ ದಾಟಬೇಕಾದ ಬಾಗಿಲು ಒಂದಲ್ಲ, ಎರಡು. ಬಹ್ರೇನಿನ ವೀಸಾ ಬೇಕೆಂಬುದು ಎಲ್ಲರಿಗೂ ಹೊಳೆಯುತ್ತದೆ. ಆದರೆ ಅದಕ್ಕಿಂತ ಮೊದಲಿನ ಬಾಗಿಲು ಸೌದಿಯದ್ದೇ. ಇಕಾಮಾ ಎಂದರೆ ಅಲ್ಲಿ ವಾಸಿಸುವ ಅನುಮತಿ. ನಮ್ಮ ಮನೆಮಾತಿನ 'ಕಿಯಾಮ್' (ತಂಗುವುದು) ಅದೇ ಮೂಲದ ಪದ. ಅದು ಇರಲು ಕೊಟ್ಟ ಅನುಮತಿಯೇ ಹೊರತು ಹೊರಗೆ ಹೋಗಿ ಮತ್ತೆ ಒಳಗೆ ಬರಲು ಅಲ್ಲ. ಅದಕ್ಕೆ ಬೇರೆ ವೀಸಾ ತೆಗೆಸಬೇಕು. ಅರಬಿಯಲ್ಲಿ ಅದನ್ನು 'ಖುರೂಜ್ ವ ಔದಾ' ಎನ್ನುತ್ತಾರೆ, ಅಂದರೆ ನಿರ್ಗಮನ ಮತ್ತು ಮರಳುವಿಕೆ.

ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಇದರ ಲೆಕ್ಕ ನೋಡೋಣ. 2016ರಲ್ಲಿ ನಿಗದಿಯಾದ ಶುಲ್ಕದಂತೆ ಒಂದು ಸಲ ಹೋಗಿ ಬರಲು ಎರಡು ತಿಂಗಳ ಅವಧಿಗೆ 200 ರಿಯಾಲ್, ಮುಂದಿನ ಪ್ರತಿ ತಿಂಗಳಿಗೆ 100 ರಿಯಾಲ್. ಎಷ್ಟು ಸಲವಾದರೂ ಹೋಗಿ ಬರುವ ವೀಸಾಗೆ ಮೂರು ತಿಂಗಳಿಗೆ 500, ಮುಂದಿನ ಪ್ರತಿ ತಿಂಗಳಿಗೆ 200 ರಿಯಾಲ್. ಮೂರು ತಿಂಗಳಲ್ಲಿ ಎರಡು ಸಲ ಹೋದರೆ ಬಿಡಿ ವೀಸಾ ಸಾಕು, 400ರಲ್ಲಿ ಮುಗಿಯುತ್ತದೆ. ಮೂರನೇ ಸಲಕ್ಕೆ 600 ಆಗುವುದರಿಂದ ಆಗ 500ರದ್ದೇ ಲಾಭ. ಒಂದೇ ದಿನದ ತಿರುಗಾಟಕ್ಕೂ 200 ರಿಯಾಲ್ ತಪ್ಪುವುದಿಲ್ಲ. ಸೌದಿಯ ಕಾರ್ಮಿಕ ಕಾನೂನಿನ 40ನೇ ಕಲಮಿನ ಪ್ರಕಾರ ಈ ಶುಲ್ಕ ಮಾಲೀಕನ ಮೇಲಿನ ಹೊರೆ. ವಾರದ ರಜೆಯ ತಿರುಗಾಟಕ್ಕೂ ಕೊಡುತ್ತಾರಾ ಎಂದು ಫೋನಿನಲ್ಲಿ ಕೇಳಿದಾಗ ಮಾಮು ಜೋರಾಗಿ ನಕ್ಕರು.

ಹಣಕ್ಕಿಂತ ದೊಡ್ಡ ಅಪಾಯ ಒಂದು ಪದದಲ್ಲಿದೆ. 'ಖುರೂಜ್ ನಿಹಾಯಿ' ಎಂಬ ಇನ್ನೊಂದು ವೀಸಾ ಇದೆ. ಅದು ಅಂತಿಮ ನಿರ್ಗಮನ. ಅದರ ಮೇಲೆ ಹೊರಟರೆ ಇಕಾಮಾ ಅಲ್ಲಿಗೆ ಮುಗಿಯಿತು, ವಾಪಸ್ ಬರಲು ಹೊಸ ವೀಸಾ ಬೇಕು. ಎರಡರಲ್ಲೂ ಮೊದಲ ಪದ ಒಂದೇ, ವ್ಯತ್ಯಾಸ ಎರಡನೆಯದರಲ್ಲಿ. ಉರ್ದು ಓದಿದ ನಮಗೆ ಅಕ್ಷರ ಗೊತ್ತು. 'ನಿಹಾಯತ್' ಎಂಬ ಪದವೂ ಗೊತ್ತು. ಹಾಗಾಗಿ ಆ ಕಾಗದದ ಫೋಟೋ ಕಳಿಸಿದರೆ ಇಲ್ಲಿಂದಲೇ ಓದಿ ಹೇಳಬಹುದು. ಓದಲು ಬಾರದ ಕೂಲಿಯವನು ಮಾತ್ರ ಏಜೆಂಟ್ ಹೇಳಿದ್ದನ್ನೇ ನಂಬಬೇಕು. ಮರಳುವ ದಿನಾಂಕವನ್ನೂ ನೋಡಿಕೊಳ್ಳಬೇಕು. ಅದು ದಾಟಿದರೆ ಸೇತುವೆಯ ಆಚೆಯೇ ಉಳಿಯಬೇಕಾಗುತ್ತದೆ.

ಅನುಮತಿ ಕೊಡುವವರು ಯಾರು? ಮೊದಲು ಎಲ್ಲವೂ ಮಾಲೀಕನ ಕೈಯಲ್ಲಿತ್ತು. 2021ರ ಮಾರ್ಚ್ 14ರಿಂದ ಖಾಸಗಿ ಕಂಪನಿಗಳ ನೌಕರರು 'ಅಬ್ಶಿರ್' ಆಪ್ ಮೂಲಕ ತಾವೇ ಅರ್ಜಿ ಹಾಕಬಹುದು. ಆದರೆ ಈ ಸುಧಾರಣೆಯಲ್ಲಿ ಮನೆಗೆಲಸದವರು, ಮನೆಯ ಡ್ರೈವರ್‌ಗಳು, ತೋಟದವರು, ಕುರಿ ಕಾಯುವವರು ಸೇರಲಿಲ್ಲ. ಹೆಚ್ಚು ಬೇಕಾಗಿದ್ದವರೇ ಹೊರಗುಳಿದರು ಎಂಬುದು ನನ್ನ ಅಭಿಪ್ರಾಯ. ಇನ್ನು ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲಿದ್ದರೆ ಪ್ರಯಾಣದ ಮಾತೇ ಇಲ್ಲ. ನಮ್ಮ 1967ರ ಪಾಸ್‌ಪೋರ್ಟ್ ಕಾಯಿದೆಯ 17ನೇ ಕಲಂ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಸೊತ್ತು, ಮಾಲೀಕನದ್ದಲ್ಲ.

ಎಲ್ಲ ದೇಶಗಳಲ್ಲೂ ಸೌದಿಯ ನಿಯಮವಿಲ್ಲ. ದುಬೈನಲ್ಲಿರುವವರು ಹತ್ತಾ ಗಡಿಯ ಮೂಲಕ ಒಮಾನ್‌ಗೆ ಹೋಗಲು ಇಂಥ ನಿರ್ಗಮನ ವೀಸಾ ಬೇಡ. ಒಮಾನ್ ಪ್ರವೇಶಾನುಮತಿ ಬೇಕು, ಸ್ವಂತ ಕಾರಾದರೆ ಒಮಾನ್‌ಗೂ ಅನ್ವಯಿಸುವ ವಿಮೆ ಬೇಕು. ಸಾಮಾನ್ಯವಾಗಿ ಸತತ ಆರು ತಿಂಗಳು ಹೊರಗೇ ಉಳಿದರೆ ದುಬೈನ ವಾಸದ ಅನುಮತಿ ರದ್ದಾಗುತ್ತದೆ.

1981ರಲ್ಲಿ ಸ್ಥಾಪನೆಯಾದ ಕೊಲ್ಲಿ ಸಹಕಾರ ಮಂಡಳಿಯ ಆರು ದೇಶಗಳ ಪ್ರಜೆಗಳು ಗುರುತಿನ ಚೀಟಿ ತೋರಿಸಿ ಗಡಿ ದಾಟುತ್ತಾರೆ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಜಮಖಂಡಿ ಒಂದು ಸಂಸ್ಥಾನ, ಮುಧೋಳ ಇನ್ನೊಂದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. ಈಗ ಬಸ್ಸಿನಲ್ಲಿ ಕೂತವರಿಗೆ ಆ ಗಡಿಗಳ ಗುರುತೂ ಸಿಗುವುದಿಲ್ಲ. ಅಲ್ಲಿನ ಪ್ರಜೆಗಳಿಗೆ ಕೊಲ್ಲಿಯ ಗಡಿಗಳು ಹೀಗೇ ಹಗುರವಾಗಿರಬಹುದು, ದುಡಿಯಲು ಹೋದವರಿಗಲ್ಲ. ಹಗುರವಾದ ಗಡಿಯೂ ಒಮ್ಮೊಮ್ಮೆ ಮುಚ್ಚುತ್ತದೆ. 2017ರ ಜೂನ್‌ನಲ್ಲಿ ಕತಾರ್ ಮತ್ತು ಸೌದಿ ನಡುವಿನ ರಸ್ತೆ ಮುಚ್ಚಿದ್ದು ತೆರೆದದ್ದು 2021ರ ಜನವರಿಯಲ್ಲಿ.

ಹೋದವರಿಗೆ ಖರ್ಚಿನ ಲೆಕ್ಕ ಸುಲಭ. ಒಂದು ಡಾಲರ್‌ಗೆ 3.75 ರಿಯಾಲ್, 0.376 ಬಹ್ರೇನಿ ದಿನಾರ್ ಎಂದು ದರ ಸ್ಥಿರವಾಗಿದೆ. ಅಂದರೆ ಒಂದು ದಿನಾರ್ ಸುಮಾರು 10 ರಿಯಾಲ್. ಚಹಾದ ಬೆಲೆ ಅರ್ಧ ಎಂದು ಬರೆದಿದ್ದರೆ ಅಗ್ಗ ಅಂದುಕೊಳ್ಳಬೇಡಿ, ಅದು 5 ರಿಯಾಲ್.

ಬಹ್ರೇನಿನಲ್ಲಿ ಯಾರಾದರೂ ಹೆಚ್ಚು ಸಂಬಳ ಕೊಡುತ್ತೇನೆಂದರೆ? ಭೇಟಿ ವೀಸಾದ ಮೇಲೆ ಕೆಲಸ ಮಾಡುವಂತಿಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇ.ಸಿ.ಆರ್. ವರ್ಗದ್ದು. ಅವರು ಸೌದಿ, ಬಹ್ರೇನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಭಾರತದಿಂದ ಇ-ಮೈಗ್ರೇಟ್ ಅನುಮತಿ ಪಡೆಯಬೇಕು. ಆ ಅನುಮತಿಯ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಇರುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ ರೂಪಾಯಿ. ಆ ವಿಮೆಯ ಕಾಗದದ ಒಂದು ಪ್ರತಿ ಮನೆಯಲ್ಲಿರಬೇಕು, ಸೂಟ್‌ಕೇಸ್ ಜೊತೆ ಹೋಗಿಬಿಡಬಾರದು.