ಕಿರಣ ಚಿಕಿತ್ಸೆಯ ಕಾಲದಲ್ಲಿ ಬಾಯಿ ಒಣಗದಂತೆ ಎಚ್ಚರಿಕೆ

ಅನ್ನದ ತುತ್ತು ಗಂಟಲಲ್ಲಿ ಸಲೀಸಾಗಿ ಇಳಿಯುವುದಕ್ಕೂ, ಮಾತು ಸ್ಪಷ್ಟವಾಗುವುದಕ್ಕೂ, ಹಲ್ಲು ಹುಳುಕಾಗದೆ ಉಳಿಯುವುದಕ್ಕೂ ಜೊಲ್ಲುರಸವೇ ಆಧಾರ. ಆರೋಗ್ಯವಂತರ ಬಾಯಿಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲುರಸ ಉತ್ಪತ್ತಿಯಾಗುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ ಹಾಗೂ ನಾಲಿಗೆಯ ಅಡಿಯಲ್ಲಿರುವ ಮೂರು ಜೊತೆ ಗ್ರಂಥಿಗಳು ಇದನ್ನು ಮುಖ್ಯವಾಗಿ ಸ್ರವಿಸುತ್ತವೆ.

ಹೊಗೆಸೊಪ್ಪು, ಅಡಿಕೆ, ಬೀಡಿ ಮತ್ತು ಮದ್ಯಗಳು ಬಾಯಿ ಹಾಗೂ ಗಂಟಲಿನ ಕ್ಯಾನ್ಸರಿಗೆ ಮುಖ್ಯ ಕಾರಣಗಳು. ಇದರ ಚಿಕಿತ್ಸೆಗಾಗಿ ಸುಳ್ಯ, ಪುತ್ತೂರು, ಬೆಳ್ತಂಗಡಿ, ಕಾಸರಗೋಡುಗಳ ಹಳ್ಳಿಗಳಿಂದ ಜನರು ಮಂಗಳೂರು ನಗರಕ್ಕೆ ಬರುತ್ತಾರೆ. ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6ರಿಂದ 7 ವಾರ ಕೊಡುತ್ತಾರೆ. ಜನರು ಇದನ್ನು ‘ಕರೆಂಟು ಕೊಡುವುದು’ ಎನ್ನುವರಾದರೂ ಇದು ವಿದ್ಯುತ್ತಲ್ಲ. ಕಿರಣವು ಕ್ಯಾನ್ಸರ್ ಗಡ್ಡೆಯನ್ನು ನಾಶಪಡಿಸುವಾಗ ಪಕ್ಕದ ಜೊಲ್ಲುಗ್ರಂಥಿಗಳಿಗೂ ತಾಗುವುದುಂಟು. ಆಗ ಮೊದಲ ಒಂದೆರಡು ವಾರಗಳಲ್ಲಿಯೇ ಬಾಯಿ ಒಣಗತೊಡಗುತ್ತದೆ. ಹೆಚ್ಚು ಕಿರಣ ತಾಗಿದ ಗ್ರಂಥಿಯು ಮತ್ತೆ ಪೂರ್ಣವಾಗಿ ಚೇತರಿಸಿಕೊಳ್ಳುವುದು ವಿರಳ. ಆದುದರಿಂದ ಎಚ್ಚರಿಕೆಯು ಚಿಕಿತ್ಸೆಗೆ ಮುನ್ನವೇ ಆರಂಭವಾಗಬೇಕು.

ಚಿಕಿತ್ಸೆಗೆ ಮೊದಲು

1. ಪತಿಪತ್ನಿಯರಿಬ್ಬರೂ ಕೂಡಿ ವೈದ್ಯರನ್ನು ಕಾಣಿರಿ. “ಜೊಲ್ಲುಗ್ರಂಥಿಗಳಿಗೆ ಕಿರಣ ಕಡಿಮೆ ತಾಗುವಂತೆ ಚಿಕಿತ್ಸೆ ಕೊಡಲು ಸಾಧ್ಯವೇ?” ಎಂದು ಸಂಕೋಚವಿಲ್ಲದೆ ಕೇಳಿರಿ. ಇಂತಹ ಕ್ರಮವನ್ನು ಕುರಿತು ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯ ಫಲ 2011ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಬಳಿಕ, ಹಳೆಯ ಕ್ರಮದಲ್ಲಿ 100ಕ್ಕೆ 74 ಮಂದಿಯನ್ನು ಬಾಧಿಸಿದ್ದ ಬಾಯೊಣಗು ಹೊಸ ಕ್ರಮದಲ್ಲಿ 38 ಮಂದಿಯಲ್ಲಿ ಮಾತ್ರ ಕಂಡುಬಂದಿತು. ಗಡ್ಡೆ ಇರುವ ಜಾಗವನ್ನು ನೋಡಿ ವೈದ್ಯರೇ ಇದನ್ನು ನಿರ್ಧರಿಸುತ್ತಾರೆ.

2. ದಂತವೈದ್ಯರಿಗೆ ಹಲ್ಲು ತೋರಿಸಿರಿ. ಕೀಳಬೇಕಾದ ಹಲ್ಲನ್ನು ಮೊದಲೇ ಕೀಳಿಸಿ, ಗಾಯ ಮಾಯಲು ಕಾಲಾವಕಾಶ ಕೊಡಬೇಕು. ಚಿಕಿತ್ಸೆಯ ನಂತರ ಕಿತ್ತರೆ ದವಡೆಯ ಮೂಳೆ ಮಾಯದೆ ಉಳಿಯಬಹುದು.

3. ಎಲೆಯಡಿಕೆ, ಹೊಗೆಸೊಪ್ಪು, ಬೀಡಿ, ಮದ್ಯಗಳನ್ನು ಅಂದೇ ತ್ಯಜಿಸತಕ್ಕದ್ದು. ಒಬ್ಬರು ಬಿಡುವಾಗ ಇನ್ನೊಬ್ಬರೂ ಬಿಟ್ಟರೆ ಮನಸ್ಸು ಗಟ್ಟಿಯಾಗುತ್ತದೆ.

ಚಿಕಿತ್ಸೆಯ ದಿನಗಳಲ್ಲಿ

1. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಒಂದು ಚಿಕ್ಕ ಚಮಚೆ ಅಡಿಗೆ ಸೋಡಾ, ಅರ್ಧ ಚಮಚೆ ಉಪ್ಪು ಬೆರೆಸಿ, ದಿನಕ್ಕೆ ಐದಾರು ಬಾರಿ ಬಾಯಿ ಮುಕ್ಕಳಿಸಿರಿ. ನುಂಗಬಾರದು. ಪ್ರತಿದಿನ ಹೊಸದಾಗಿ ಸಿದ್ಧಪಡಿಸಿಕೊಳ್ಳಿರಿ.

2. ಬಸ್ಸಿನ ಪ್ರಯಾಣದಲ್ಲಿಯೂ, ರಾತ್ರಿ ಹಾಸಿಗೆಯ ಬಳಿಯಲ್ಲಿಯೂ ನೀರಿರಲಿ. ಆಗಾಗ ಗುಟುಕು ಗುಟುಕಾಗಿ ಕುಡಿಯಿರಿ.

3. ಕುಚ್ಚಲಕ್ಕಿ ಗಂಜಿ, ಬೇಯಿಸಿ ಮಸೆದ ತರಕಾರಿ, ಮೆತ್ತಗಿನ ಬೇಳೆ, ಮೊಟ್ಟೆ, ಹಾಲು ಹಿತಕರ. ಮೆಣಸು, ಉಪ್ಪಿನಕಾಯಿ, ಹಪ್ಪಳ, ಒಣಮೀನು ಬೇಡ. ಬಾಯಿ ಒಣಗಿತೆಂದು ಮಿಠಾಯಿ ಚೀಪಿದರೆ ಹಲ್ಲು ಹುಳುಕಾಗುತ್ತದೆ.

4. ಮೃದುವಾದ ಬ್ರಷ್ಷಿನಿಂದ ದಿನಕ್ಕೆರಡು ಬಾರಿ ಹಲ್ಲುಜ್ಜಿರಿ. ಫ್ಲೋರೈಡ್ ಉಳ್ಳ ಪೇಸ್ಟು ಉತ್ತಮ. ಇದ್ದಿಲು, ಇಟ್ಟಿಗೆಪುಡಿಗಳನ್ನು ಬಳಸಬಾರದು.

5. ಮಂಗಳೂರಿನಲ್ಲಿ 80 ರೋಗಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರಿಶಿನದ ನೀರಿನಿಂದ ಮುಕ್ಕಳಿಸಿದವರಿಗೆ ಬಾಯಿಹುಣ್ಣು ತಡವಾಗಿ ಕಾಣಿಸಿತು. ಇದು ಹುಣ್ಣಿಗೆ ಸಂಬಂಧಿಸಿದ ಮಾತು, ಒಣಗುವಿಕೆಗೆ ಮದ್ದಲ್ಲ. ವೈದ್ಯರನ್ನು ಕೇಳದೆ ಯಾವ ಮನೆಮದ್ದನ್ನೂ ಹಚ್ಚಬೇಡಿರಿ.

ಬಾಯಿ ಒಣಗಿತೆಂದು ಚಿಕಿತ್ಸೆಯನ್ನು ನಡುವೆ ನಿಲ್ಲಿಸುವುದು ಅಪಾಯಕರ. ದಿನಗಳು ತಪ್ಪಿದರೆ ರೋಗ ಗುಣವಾಗುವ ಸಂಭವ ಕುಗ್ಗುತ್ತದೆ. ನೀರೂ ನುಂಗಲಾಗದಿದ್ದರೆ, ಜ್ವರ, ರಕ್ತಸ್ರಾವ ಅಥವಾ ಬಾಯಲ್ಲಿ ಬಿಳಿಯ ಮಚ್ಚೆ ಕಂಡರೆ ಕೂಡಲೆ ವೈದ್ಯರಿಗೆ ತಿಳಿಸಿರಿ. ಉಸಿರಾಟಕ್ಕೆ ತೊಂದರೆಯಾದರೆ ಕ್ಷಣವೂ ತಡಮಾಡಬಾರದು.

ಚಿಕಿತ್ಸೆ ಮುಗಿದ ಮೇಲೂ ನೀರು, ಮುಕ್ಕಳಿಕೆ, ಹಲ್ಲಿನ ಆರೈಕೆ ಮುಂದುವರಿಯಲಿ. ಮಾತನಾಡಲು ಕಷ್ಟಪಡುವ ಸಂಗಾತಿಯನ್ನು ಅವಸರಪಡಿಸದಿರಿ. ಊಟಕ್ಕೆ ಹೆಚ್ಚು ಹೊತ್ತು ಹಿಡಿದರೆ ಜೊತೆಯಲ್ಲಿಯೇ ಕುಳಿತಿರಿ.

ಅಭ್ಯಾಸ

1. ಹಲ್ಲು ಕೀಳಿಸುವುದಿದ್ದರೆ ಯಾವಾಗ ಕೀಳಿಸಬೇಕು?
2. ಮುಕ್ಕಳಿಸುವ ನೀರನ್ನು ಸಿದ್ಧಪಡಿಸುವುದು ಹೇಗೆ?
3. ಚಿಕಿತ್ಸೆಯನ್ನು ನಡುವೆ ಏಕೆ ನಿಲ್ಲಿಸಬಾರದು?